ಬಾವಿಯ ವಿಧ ಎಂಬ ಕಾಲಂ ತುಂಬುತ್ತಾ

ಪಂಚಾಯ್ತಿಯವರು ಕೊಟ್ಟ ಪಟ್ಟಿಯಲ್ಲಿ ಮಾಲೀಕರ ಹೆಸರು, ಸರ್ವೆ ನಂಬರು, ಆಳ, ಮೋಟರಿನ ಎಚ್‌ಪಿ ಎಲ್ಲ ಆದಮೇಲೆ ಒಂದು ಸಣ್ಣ ಕಾಲಂ ಇತ್ತು: ಬಾವಿಯ ವಿಧ. ಮಧುಗಿರಿ ತಾಲ್ಲೂಕಿನ ನಮ್ಮ ಪಂಚಾಯ್ತಿಯಲ್ಲಿ ನೀರಿನ ಯೋಜನೆ ಬರೆಯುವುದಕ್ಕೆ ಮುಂಚೆ ಊರೂರಿನ ಬಾವಿಗಳ ಲೆಕ್ಕ ಆಗಬೇಕು ಎಂದು ತೀರ್ಮಾನವಾಗಿತ್ತು. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವಳು ಎಂಬ ಕಾರಣಕ್ಕೆ ನಮ್ಮೂರಿನ ಕಡೆಯಿಂದ ನನ್ನ ಹೆಸರು ಹೇಳಿದರು. ಜೊತೆಗೆ ಪಿಯುಸಿ ಮುಗಿಸಿದ ಚಿಕ್ಕಪ್ಪನ ಮಗ. ಮಿಕ್ಕ ಕಾಲಂಗಳನ್ನೆಲ್ಲ ಕೇಳಿ ಬರೆದುಬಿಡಬಹುದು. ಈ ಒಂದು ಕಾಲಂ ತುಂಬಲು ಪ್ರತಿ ಬಾವಿಯ ಕಟ್ಟೆಯ ಮೇಲೂ ನಿಂತು ಯೋಚಿಸಬೇಕಾಯಿತು.

ತರಬೇತಿಯ ದಿನ ಒಬ್ಬರು ಭೂಜಲ ತಜ್ಞರು ಬಂದಿದ್ದರು. ಕೇಂದ್ರ ಸರ್ಕಾರ ನಡೆಸುವ ಸಣ್ಣ ನೀರಾವರಿ ಗಣತಿಯಲ್ಲಿ ಬಾವಿಗಳನ್ನು ಹೇಗೆ ವಿಂಗಡಿಸುತ್ತಾರೆ ಅನ್ನುವುದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ತೋಡಿದ ಬಾವಿಯೆಲ್ಲ ಒಂದು ಗುಂಪು. ಕೊಳವೆ ಬಾವಿಗಳಲ್ಲಿ 35 ಮೀಟರಿನ ತನಕ ಹೋಗಿದ್ದರೆ ಕಡಿಮೆ ಆಳದ್ದು, 35ರಿಂದ 70 ಮೀಟರು ಮಧ್ಯಮ, 70 ದಾಟಿದರೆ ಆಳದ್ದು. 2017-18ನ್ನು ಆಧಾರ ವರ್ಷವಾಗಿಟ್ಟುಕೊಂಡ ಆರನೇ ಗಣತಿಯಲ್ಲಿ ಇಡೀ ದೇಶದಲ್ಲಿ ಸಂಖ್ಯೆಯಲ್ಲಿ ಮುಂದಿದ್ದದ್ದು ತೋಡುಬಾವಿಯೇ ಎಂದಾಗ ಹಿಂದಿನ ಬೆಂಚಿನಲ್ಲಿದ್ದ ಹಿರಿಯರು ತಲೆ ಎತ್ತಿ ನೋಡಿದರು. ಬೋರು ಬಂದಮೇಲೆ ತೋಡುಬಾವಿಯ ಕಾಲ ಮುಗಿಯಿತು ಅಂತಲೇ ನಾವೆಲ್ಲ ಅಂದುಕೊಂಡಿದ್ದು. ಅದೇ ಗಣತಿಯಲ್ಲಿ ಮಧ್ಯಮ ಆಳದ ಕೊಳವೆ ಬಾವಿಗಳಲ್ಲಿ ಕರ್ನಾಟಕ ಮೊದಲ ಸ್ಥಾನದಲ್ಲಿದೆ.

ನಮ್ಮ ಕಡೆ ಬೋರಿನ ಮಾತು ಅಡಿಯಲ್ಲೇ ನಡೆಯುವುದು. 35 ಮೀಟರು ಅಂದರೆ ಸುಮಾರು 115 ಅಡಿ, 70 ಮೀಟರು ಅಂದರೆ 230 ಅಡಿ. ಊರಿಗೆ ಬಂದು ಬರೆಯಲು ಕೂತಾಗ, ಈಚಿನ ವರ್ಷಗಳಲ್ಲಿ ಕೊರೆಸಿದ ಬೋರುಗಳೆಲ್ಲ ಸಾಲಾಗಿ 'ಆಳದ್ದು' ಎಂಬ ಒಂದೇ ಗುಂಪಿಗೆ ಬಿದ್ದವು. 240 ಅಡಿಯದ್ದೂ ಅಲ್ಲೇ, ಅದರ ಮೂರರಷ್ಟು ಆಳದ್ದೂ ಅಲ್ಲೇ. ದೇಶದ ಲೆಕ್ಕಕ್ಕೆ ಈ ವಿಂಗಡಣೆ ಬೇಕೇ ಬೇಕು. ಆದರೆ ನಮ್ಮ ಊರಿನ ನೀರು ಅರ್ಥವಾಗಬೇಕಾದರೆ ಇದೊಂದೇ ಸಾಲದು ಅನ್ನಿಸಿತು. ಒಂದು ಬೇರೆ ನೋಟ್‌ಬುಕ್ ಇಟ್ಟುಕೊಂಡೆ. ಪಟ್ಟಿಯಲ್ಲಿ ಅವರು ಕೇಳಿದ್ದು, ನೋಟ್‌ಬುಕ್ಕಿನಲ್ಲಿ ಜನ ಹೇಳಿದ್ದು.

ಮೊದಲು ಹೋದದ್ದು ಊರ ಮುಂದಿನ ಸೇದೋ ಬಾವಿಗೆ. ಗುಂಡು ಬಾವಿ, ಮೇಲಿಂದ ಕೆಳತನಕ ಕಲ್ಲು ಕಟ್ಟಡ, ಕಟ್ಟೆಯ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು. ನಲ್ಲಿ ಬಂದಮೇಲೂ ಕೆಲವು ಮನೆಯವರು ಅಲ್ಲಿಂದಲೇ ಕುಡಿಯುವ ನೀರು ಒಯ್ಯುತ್ತಾರೆ. ಯಾಕೆ ಅಂತ ಕೇಳಿದರೆ ಬಿಂದಿಗೆ ಇಳಿಸುತ್ತಿದ್ದ ಅಜ್ಜಿ, "ಬೇಳೆ ಬೇಯ್ಬೇಕಲ್ಲವ್ವಾ" ಅಂದರು. ಬೋರಿನ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಗಟ್ಟಿಯಾಗೇ ಇರುತ್ತದೆ, ಈ ನೀರಿನಲ್ಲಿ ಬೇಗ ಕರಗುತ್ತದೆ. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವುದೇ ಇದಕ್ಕೆ ಕಾರಣ ಎಂದು ತಜ್ಞರು ಆಮೇಲೆ ವಿವರಿಸಿದರು. ಆ ಅಜ್ಜಿಯ ಬಾಯಲ್ಲಿ ಊರಿನ ಬಾವಿಗಳೆಲ್ಲ ಬೇರೆಯೇ ಕ್ರಮದಲ್ಲಿದ್ದವು: ಕುಡಿಯೋ ನೀರಿನ ಬಾವಿ, ಬಳಸೋ ನೀರಿನ ಬಾವಿ, ಬಟ್ಟೆಗೂ ಬಾರದ ಚೌಳು ನೀರಿನ ಬಾವಿ, ದೇವರ ಮಜ್ಜನಕ್ಕೆ ಮಾತ್ರ ಸೇದುವ ಬಾವಿ. ಯಾವ ಬಾವಿಯಿಂದ ಯಾರಿಗೆ ಸೇದಲು ಬಿಡುತ್ತಿರಲಿಲ್ಲ ಎಂಬುದನ್ನೂ ಅವರು ಹೇಳಿದರು, ದನಿ ತಗ್ಗಿಸದೆ. ಊರ ಆಚೆ ಬದಿಯಲ್ಲಿ ಬೇರೆ ಬಾವಿ ಯಾಕೆ ಇದೆ ಎಂಬ ಪ್ರಶ್ನೆಗೆ ಅದೇ ಉತ್ತರ. ಅದನ್ನೂ ಬರೆದುಕೊಂಡೆ. ಬಾವಿಗಳನ್ನು ವಿಂಗಡಿಸುವ ಮಾತು ಬಂದಾಗ ಈ ವಿಂಗಡಣೆಯನ್ನು ಬಿಟ್ಟು ಬರೆಯುವುದು ಸರಿಯಲ್ಲ.

ಕುಡಿಯುವ ನೀರಿನ ದೃಷ್ಟಿಯಿಂದ ಬಾವಿ ಸುರಕ್ಷಿತವೋ ಅಲ್ಲವೋ ಎಂದು ಗುರುತಿಸಲು ಆರೋಗ್ಯದವರು ನೋಡುವ ಗುಣಗಳು ಕೆಲವೇ. ಒಳಗೋಡೆ ಕಟ್ಟಿರಬೇಕು, ಕಟ್ಟೆ ನೆಲಕ್ಕಿಂತ ಎತ್ತರ ಇರಬೇಕು, ಚೆಲ್ಲಿದ ನೀರು ಮತ್ತೆ ಬಾವಿಗೇ ಇಳಿಯದಂತೆ ಸುತ್ತ ಗಾರೆ ನೆಲ ಇರಬೇಕು, ಮೇಲೆ ಮುಚ್ಚಿಗೆ ಇರಬೇಕು. ನಮ್ಮ ಸೇದೋ ಬಾವಿಗೆ ಮುಚ್ಚಿಗೆ ಒಂದಿಲ್ಲ. ಬೇಳೆ ಬೇಯಿಸುವ ಪರೀಕ್ಷೆಯಲ್ಲಿ ಗೆದ್ದ ನೀರು ಈ ಪರೀಕ್ಷೆಯಲ್ಲಿ ಸೋತಿತು. ಶಾಲೆಯ ಬೋರಿನ ಕಥೆ ತಿರುವುಮುರುವು: ಮೇಲೆ ಗಟ್ಟಿಯಾಗಿ ಮುಚ್ಚಿದೆ, ಒಂದು ಹುಳವೂ ಬೀಳುವುದಿಲ್ಲ, ಆದರೆ ನೀರಿನಲ್ಲಿ ಫ್ಲೋರೈಡು. ಮಧುಗಿರಿ, ಪಾವಗಡ, ಶಿರಾ ಕಡೆಯವರಿಗೆ ಈ ಹೆಸರು ಹೊಸದೇನಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮಿನ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಾಗ 1.5ರ ತನಕ ಎಂದು ಭಾರತೀಯ ಮಾನಕ ಹೇಳುತ್ತದೆ. ಬಂಡೆಯ ಬಿರುಕಿನೊಳಗೆ ನೀರು ಎಷ್ಟು ಕಾಲ ನಿಂತಿರುತ್ತದೋ ಅಷ್ಟೂ ಕಲ್ಲಿನ ಅಂಶ ಅದಕ್ಕೆ ಸೇರುತ್ತಾ ಹೋಗುತ್ತದೆ. ಹಲ್ಲಿನ ಮೇಲಿನ ಕಂದು ಕಲೆಯನ್ನು ನೋಡಿ ಯಾವ ಊರಿನವರೆಂದು ಹೇಳಬಲ್ಲ ಜನ ನಮ್ಮಲ್ಲಿದ್ದಾರೆ.

ತೋಟದ ಬಾವಿಗಳಿಗೆ ಹೋಗುವಾಗ ಊರಿನ ಒಬ್ಬ ಹಿರಿಯರನ್ನು ಕರೆದುಕೊಂಡು ಹೋದೆವು. ಅವರದು ತಲೆತಲಾಂತರದಿಂದ ಬಾವಿ ತೋಡಿದ ಭೋವಿ ಮನೆತನ. ನಮ್ಮ ಸುತ್ತಿನ ಬಹುಪಾಲು ಬಾವಿಗಳು ಅವರ ತಂದೆ, ದೊಡ್ಡಪ್ಪಂದಿರು ಇಳಿದು ತೋಡಿದವು. ನಾವೆಲ್ಲ ಅವರನ್ನು ತಾತ ಅಂತಲೇ ಕರೆಯುವುದು. ಪಟ್ಟಿಯ ಕಾಲಂ ಓದಿ ಹೇಳಿದಾಗ ತಾತ ಕೇಳಿದ್ದು ಒಂದೇ ಮಾತು: "ಆಳ ಬರ್ಕೊಂಡ್ರೆ ಸಾಕೇನವ್ವಾ? ನೀರು ಎಲ್ಲಿಂದ ಬತ್ತೈತೆ ಅಂತ ಬರ್ಕೊಳಾದ್ ಬ್ಯಾಡ್ವಾ?"

ಮುಂದಿನ ಕೆಲಸವನ್ನೆಲ್ಲ ನಡೆಸಿದ್ದು ಆ ಪ್ರಶ್ನೆಯೇ.

ತಾತ ಬಾವಿಯ ಆಕಾರ ನೋಡಿಯೇ ಅದರ ಚರಿತ್ರೆ ಹೇಳುತ್ತಿದ್ದರು. ಮಣ್ಣು ಸಡಿಲ ಇರುವಲ್ಲಿ ಗುಂಡಗೆ ತೋಡಿ ಕಲ್ಲು ಕಟ್ಟಬೇಕು, ಸುತ್ತಲಿನ ಮಣ್ಣಿನ ಭಾರವನ್ನು ಗುಂಡು ಗೋಡೆ ತಡೆಯುತ್ತದೆ. ಬೇಗ ಬಂಡೆ ಸಿಗುವಲ್ಲಿ ಚೌಕ ಬಾವಿ ನಡೆಯುತ್ತದೆ, ಮೇಲೆ ಒಂದಿಷ್ಟು ಕಟ್ಟಿ ಕೆಳಗೆ ಬಂಡೆಯನ್ನು ಹಾಗೇ ಬಿಡುತ್ತಾರೆ. ಇಳಿಯುತ್ತಾ ಹೋದರೆ ಮೊದಲು ಮೇಲ್ಮಣ್ಣು, ಆಮೇಲೆ ಜೇಡಿ, ಆಮೇಲೆ ಗೊರಚು ಅನ್ನುವ ಕಲ್ಲು ಬೆರೆತ ಒರಟು ಮಣ್ಣು, ಅದರ ಕೆಳಗೆ ಕೈಯಲ್ಲಿ ಮುರಿಯಬಹುದಾದ ಕೊಳೆತ ಕಲ್ಲು, ಕೊನೆಗೆ ಹಾಸುಬಂಡೆ. ಊಟೆ, ಅಂದರೆ ನೀರಿನ ಸೆಲೆ, ಸಿಗುವುದು ಹೆಚ್ಚಾಗಿ ಗೊರಚು ಮತ್ತು ಕೊಳೆತ ಕಲ್ಲಿನ ಪದರದಲ್ಲಿ. ಬಂಡೆ ಬಂದಮೇಲೆ ಮದ್ದು ಹಾಕಿ ಸಿಡಿಸಿ ಇನ್ನೂ ಇಳಿಯುತ್ತಿದ್ದದ್ದು ನೀರು ಹುಡುಕಲು ಅಲ್ಲ, ಮೇಲಿನಿಂದ ಒಸರುವ ನೀರು ರಾತ್ರಿಯಿಡೀ ತುಂಬಿಕೊಳ್ಳಲು ಜಾಗ ಬೇಕು ಅಂತ. ಬಾವಿ ಇಷ್ಟು ದೊಡ್ಡದಾಗಿ ಯಾಕಿರಬೇಕು ಎಂದು ಚಿಕ್ಕಂದಿನಿಂದಲೂ ನನಗಿದ್ದ ಪ್ರಶ್ನೆ ಅವತ್ತು ಬಗೆಹರಿಯಿತು. ಹಗಲು ಎತ್ತಬೇಕಾದದ್ದನ್ನು ರಾತ್ರಿ ಕೂಡಿಸಿಡುವ ತೊಟ್ಟಿ ಅದು.

ನೀರೆತ್ತುವ ಸಾಧನದ ಹೆಸರಿನಿಂದಲೇ ಬಾವಿಯನ್ನು ಕರೆಯುವ ರೂಢಿ ನಮ್ಮ ಕಡೆ ಇತ್ತು. ಯಾತದ ಬಾವಿ ಅಂದರೆ ನೀರು ಮೇಲೇ ಇದೆ ಎಂದು ಅರ್ಥ. ಯಾತದ ಮರದ ಮೇಲೆ ಹಿಂದೆ ಮುಂದೆ ನಡೆದು ಎತ್ತುವಷ್ಟು ಮೇಲೆ. ಕಪಿಲೆ ಬಾವಿಯಲ್ಲಿ ನೀರು ಇನ್ನೂ ಕೆಳಗೆ. ಬಾವಿಯ ಅಂಚಿನಲ್ಲಿ ಕಲ್ಲುಕಂಬ, ರಾಟೆ, ಅಲ್ಲಿಂದ ಹಿಂದಕ್ಕೆ ಇಳಿಜಾರು. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಾ ಹಗ್ಗ ಎಳೆದರೆ ತೊಗಲಿನ ಚೀಲ ಮೇಲೆ ಬಂದು ತನ್ನಷ್ಟಕ್ಕೇ ಕಾಲುವೆಗೆ ಸುರಿದುಕೊಳ್ಳುತ್ತಿತ್ತು. ಈಗ ಎತ್ತೂ ಇಲ್ಲ, ಚೀಲವೂ ಇಲ್ಲ, ಆ ಇಳಿಜಾರು ಮಾತ್ರ ಹುಲ್ಲು ಬೆಳೆದುಕೊಂಡು ಉಳಿದಿದೆ. ಗೊತ್ತಿಲ್ಲದವರಿಗೆ ಅದೊಂದು ಮಣ್ಣಿನ ದಿಬ್ಬ. ಅದನ್ನು ನೋಡಿ ಕಪಿಲೆ ಬಾವಿ ಅಂತ ಗುರುತಿಸುವುದನ್ನು ನಾವು ಕಲಿತೆವು.

ಆಮೇಲೆ ಬಂದದ್ದು ಎಣ್ಣೆ ಎಂಜಿನ್ನು, ಕರೆಂಟಿನ ಪಂಪ್‌ಸೆಟ್ಟು. ಒಂದು ಚೌಕ ಬಾವಿಯೊಳಗೆ ತಾತ ಬೆರಳು ಮಾಡಿ ತೋರಿಸಿದ್ದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಗೋಡೆಯಲ್ಲಿ ಒಂದರ ಕೆಳಗೊಂದು ಮೂರು ಕಟ್ಟೆಗಳು, ಪ್ರತಿಯೊಂದರ ಮೇಲೂ ಮೋಟರು ಕೂರಿಸಿದ್ದ ಬೋಲ್ಟುಗಳ ಗುರುತು. ಮೇಲೆ ನಿಂತು ನೀರು ಹೀರುವ ಪಂಪು ಸಿದ್ಧಾಂತದಲ್ಲಿ ಸುಮಾರು 10 ಮೀಟರಿಗಿಂತ ಕೆಳಗಿನ ನೀರನ್ನು ಎಳೆಯಲಾರದು, ಕೆಲಸದಲ್ಲಿ ಅದು ಏಳು ಮೀಟರಿಗೇ ಸುಸ್ತಾಗುತ್ತದೆ. ಹಾಗಾಗಿ ನೀರು ಇಳಿದಂತೆಲ್ಲ ಮೋಟರನ್ನೂ ಬಾವಿಯೊಳಗೆ ಕೆಳಗೆ ಇಳಿಸುತ್ತಾ ಹೋಗಿದ್ದಾರೆ. ಆ ಮೂರು ಕಟ್ಟೆಗಳು ಅಂತರ್ಜಲ ಇಳಿದ ಮೂರು ಮೆಟ್ಟಿಲು. ಮೂರನೆಯ ಕಟ್ಟೆಯ ಕೆಳಗೆ, ಬಾವಿಯ ತಳದಲ್ಲಿ, ಒಂದು ಕಬ್ಬಿಣದ ಪೈಪಿನ ಬಾಯಿ ಕಾಣುತ್ತಿತ್ತು. ಬಾವಿಯೊಳಗೇ ಬೋರು ಕೊರೆಸಿದ್ದಾರೆ. ಕೆಲವು ಬಾವಿಗಳಲ್ಲಿ ಗೋಡೆಗೆ ಅಡ್ಡಲಾಗಿಯೂ ಕೊರೆಸುತ್ತಾರೆ, ಆಚೆಯ ಊಟೆಯನ್ನು ಈಚೆಗೆ ತರಲು. ಇಂಥದ್ದಕ್ಕೆ ಭೂಜಲ ಇಲಾಖೆಯ ಭಾಷೆಯಲ್ಲಿ ಪ್ರತ್ಯೇಕ ವರ್ಗವಿದೆ: ತೋಡಿ ಕೊರೆದ ಬಾವಿ. ಪಟ್ಟಿಯಲ್ಲಿ ತೋಡುಬಾವಿ ಅಂತ ಬರೆಯಬೇಕೋ ಕೊಳವೆ ಬಾವಿ ಅಂತಲೋ ಎಂದು ಚಿಕ್ಕಪ್ಪನ ಮಗ ಕೇಳಿದ. ತಜ್ಞರಿಗೆ ಫೋನ್ ಮಾಡಿದೆವು. "ಎರಡು ನೀರು ಒಂದೇ ಗುಂಡಿಗೆ ಬರ್ತಿದೆ, ಎರಡನ್ನೂ ಬರೀರಿ" ಅಂದರು.

ಅವರು ಆಮೇಲೆ ಊರಿಗೇ ಬಂದರು. ಬಂದವರು ಮೊದಲು ಕರೆದುಕೊಂಡು ಹೋಗಿದ್ದು ಬಾವಿಗಲ್ಲ, ಊರ ಪಕ್ಕದ ಬಂಡೆಯ ಮೇಲಕ್ಕೆ. ನಮ್ಮ ಕಾಲಡಿಯ ಕಲ್ಲು ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ ಜಾತಿಯದೇ, ಸುಮಾರು 300 ಕೋಟಿ ವರ್ಷದಷ್ಟು ಹಳೆಯದು ಎಂದರು. ಈ ಕಲ್ಲಿನ ಮೈಯಲ್ಲಿ ನೀರು ಹಿಡಿಯುವ ರಂಧ್ರಗಳೇ ಇಲ್ಲ. ನೀರು ಇರುವುದು ಎರಡೇ ಕಡೆ: ಬಂಡೆಯ ಮೇಲೆ ಲಕ್ಷಾಂತರ ವರ್ಷ ಬಿಸಿಲು ಮಳೆಗೆ ಸಿಕ್ಕಿ ಪುಡಿಯಾದ ಪದರದಲ್ಲಿ, ಮತ್ತು ಬಂಡೆಯೊಳಗಿನ ಬಿರುಕುಗಳಲ್ಲಿ. ತೋಡುಬಾವಿ ಮೇಲಿನ ಪದರದ ನೀರು ಕುಡಿಯುತ್ತದೆ, ಅಲ್ಲಿನ ನೀರಿನ ಮಟ್ಟ ಮಳೆ ಬಂದರೆ ಏರುತ್ತದೆ, ಬಾರದಿದ್ದರೆ ಇಳಿಯುತ್ತದೆ. ಬೋರು ಬಿರುಕಿನ ನೀರು ಹುಡುಕುತ್ತಾ ಹೋಗುತ್ತದೆ. ರಿಗ್ ಲಾರಿಯವರು 'ಗ್ಯಾಪ್ ಸಿಕ್ತು' ಅನ್ನುವುದು ಈ ಬಿರುಕು ಸಿಕ್ಕಾಗ. ಸಿಗದಿದ್ದರೆ ಧೂಳು ಮಾತ್ರ ಮೇಲೆ ಬರುತ್ತದೆ, ಬೋರು ಫೇಲು. ಪಕ್ಕದ ಹೊಲದಲ್ಲಿ ಮೂರು ಇಂಚು ನೀರು ಬಿದ್ದು ನಮ್ಮ ಹೊಲದಲ್ಲಿ ಧೂಳು ಬರುವುದು ಹಣೆಬರಹ ಅಂತಲೇ ನಮ್ಮವರು ಹೇಳುತ್ತಾ ಬಂದಿದ್ದಾರೆ. ಬಿರುಕು ಹಾದುಹೋಗುವ ದಾರಿ ಅದು ಎಂದು ಬಂಡೆಯ ಮೈಮೇಲಿನ ಗೆರೆಗಳನ್ನೇ ತೋರಿಸಿ ಅವರು ಹೇಳಿದಾಗ, ಸಾಲ ಮಾಡಿ ಬೋರು ಕೊರೆಸಿ ಕಳೆದುಕೊಂಡ ಮನೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಗಂಗಾ ಬಯಲಿನ ಕೊಳವೆ ಬಾವಿಗೂ ನಮ್ಮ ಬೋರಿಗೂ ಇರುವ ವ್ಯತ್ಯಾಸವನ್ನು ಅವರು ಅಲ್ಲೇ ಬಿಡಿಸಿ ಹೇಳಿದರು. ಅಲ್ಲಿ ಆಳದ ತನಕ ಮರಳು, ಮೆಕ್ಕಲು ಮಣ್ಣು. ತೂತು ಕೊರೆದರೆ ಕುಸಿಯುತ್ತದೆ, ಅದಕ್ಕೆ ಕೆಳತನಕ ಪೈಪು ಇಳಿಸಿ, ನೀರಿನ ಪದರ ಬರುವಲ್ಲಿ ಸೀಳು ಇರುವ ಪೈಪು ಹಾಕಿ, ಸುತ್ತ ಜಲ್ಲಿ ತುಂಬುತ್ತಾರೆ. ಇಲ್ಲಿ ಕೇಸಿಂಗ್ ಪೈಪು ಗಟ್ಟಿಬಂಡೆ ಸಿಗುವ ತನಕ ಮಾತ್ರ. ಅದರ ಕೆಳಗೆ ಆರೂವರೆ ಇಂಚಿನ ಬರಿಯ ತೂತು, ಬಂಡೆಯೇ ಅದರ ಗೋಡೆ.

ಕೇಸಿಂಗಿನ ಮಾತು ಬಂದದ್ದರಿಂದ ನನ್ನ ಪಟ್ಟಿಗೆ ಹೊಸ ಕಾಲಂ ಒಂದು ಸೇರಿತು. ಕೇಸಿಂಗನ್ನು ಬಂಡೆಗೆ ಬಿಗಿಯಾಗಿ ಕೂರಿಸದಿದ್ದರೆ, ಅಥವಾ ದುಡ್ಡು ಉಳಿಸಲು ಅರ್ಧಕ್ಕೇ ನಿಲ್ಲಿಸಿದರೆ, ಮೇಲಿನ ಪದರದ ನೀರು ಬೋರಿನ ತೂತಿನೊಳಗೆ ಸುರಿಯುತ್ತಾ ಕೆಳಗಿನ ಬಿರುಕುಗಳಿಗೆ ಹೋಗಿಬಿಡುತ್ತದೆ. ಫೇಲಾದ ಒಂದು ಬೋರಿನ ಬಾಯಿಗೆ ಕಿವಿ ಇಡಲು ತಜ್ಞರು ಹೇಳಿದರು. ಒಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಮೋಟರಿಲ್ಲ, ಪೈಪಿಲ್ಲ, ಬೆಳೆಯಿಲ್ಲ, ಆದರೂ ಆ ತೂತು ಹಗಲು ರಾತ್ರಿ ಪಕ್ಕದ ತೋಡುಬಾವಿಯ ನೀರನ್ನು ಬಸಿಯುತ್ತಲೇ ಇತ್ತು. ಆ ಬಾವಿಯ ಯಜಮಾನರು ನಮ್ಮ ಜೊತೆಗೇ ಇದ್ದರು. ಅವರೂ ಬಗ್ಗಿ ಕೇಳಿಸಿಕೊಂಡರು. ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಇದನ್ನ ಮುಚ್ಚೋಕೆ ಏನ್ಮಾಡ್ಬೇಕು ಹೇಳಿ ಸಾರ್" ಎಂದದ್ದು ಬಿಟ್ಟರೆ ಅವರ ಬಾಯಿಂದ ಬೇರೆ ಮಾತು ಬರಲಿಲ್ಲ.

ಆವರೆಗೆ 'ಫೇಲಾದ ಬೋರು' ಅಂತ ಒಂದೇ ಮಾತಿನಲ್ಲಿ ಬರೆದಿದ್ದನ್ನು ಬಿಡಿಸಿ ಬರೆದೆವು: ಮುಚ್ಚಳ ಇದೆಯೋ ಇಲ್ಲವೋ, ಕೇಸಿಂಗ್ ಕಿತ್ತುಕೊಂಡು ಹೋಗಿದ್ದಾರೋ ಹೇಗೆ, ಒಳಗೆ ನೀರಿನ ಸದ್ದು ಇದೆಯೋ. ಮಕ್ಕಳು ಬಿದ್ದು ಸಾಯುವ ಅಪಾಯದ ಕಾರಣಕ್ಕೆ ಸುಪ್ರೀಂ ಕೋರ್ಟು 2010ರಲ್ಲೇ ಸ್ಪಷ್ಟ ಸೂಚನೆ ಕೊಟ್ಟಿದೆ: ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದ ತನಕ ಜೇಡಿ, ಮರಳು, ಕಲ್ಲುಗಳಿಂದ ತುಂಬಬೇಕು. ಒಂದು ಕಲ್ಲು ಚಪ್ಪಡಿ ಮುಚ್ಚಿಟ್ಟರೆ ಆಯಿತು ಅನ್ನುವ ಹಾಗಿಲ್ಲ.

ಯಾವ ಬಾವಿ ಯಾವ ನೀರನ್ನು ಕುಡಿಯುತ್ತಿದೆ ಅನ್ನುವುದನ್ನು ಅಳತೆಯಿಂದಲೂ ನೋಡಬೇಕು ಎಂದು ತಜ್ಞರು ಹೇಳಿಕೊಟ್ಟರು. ತೋಡುಬಾವಿಗೆ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಸಬೇಕು, ಒದ್ದೆಯಾದ ಗೆರೆ ಎಲ್ಲಿದೆ ನೋಡಿ, ಇಳಿಸಿದ ಒಟ್ಟು ಅಳತೆಯಿಂದ ಒದ್ದೆಯಾದಷ್ಟನ್ನು ಕಳೆಯಬೇಕು. ಬೋರಿಗೆ ನೀರು ಮುಟ್ಟಿದೊಡನೆ ಸದ್ದು ಮಾಡುವ ಸೌಂಡರು. ಅಳೆಯುವುದು ಬೆಳಗ್ಗೆ, ಮೋಟರು ಹಾಕುವ ಮುಂಚೆ. ಹಾಕಿದ ಮೇಲೆ ಅಳೆದರೆ ಸಿಗುವುದು ಎಳೆಯುತ್ತಿರುವ ನೀರಿನ ಮಟ್ಟ, ನಿಂತ ನೀರಿನ ಮಟ್ಟವಲ್ಲ. ಮೇಲಿನ ತೋಟದ ಬೋರನ್ನು ಓಡಿಸಿ ಕೆಳಗಿನ ತೋಡುಬಾವಿಯನ್ನು ಗಂಟೆ ಗಂಟೆಗೂ ಅಳೆದೆವು. ಮಧ್ಯಾಹ್ನದ ಹೊತ್ತಿಗೆ ಒದ್ದೆ ಗೆರೆ ಕೆಳಗಿಳಿಯತೊಡಗಿತ್ತು. ಹೊಳೆಯ ಕಡೆಯ ಇನ್ನೊಂದು ಬಾವಿಯಲ್ಲಿ ಅದೇ ಪ್ರಯೋಗ ಮಾಡಿದರೆ ಮಟ್ಟ ಅಲುಗಲೇ ಇಲ್ಲ. ಆಳದಲ್ಲಿ, ವಿಧದಲ್ಲಿ, ಕಲ್ಲು ಕಟ್ಟಡದಲ್ಲಿ ಎರಡೂ ಬಾವಿಗಳು ಹೆಚ್ಚುಕಡಿಮೆ ಒಂದೇ. ಆದರೆ ಒಂದರ ನೀರು ಬೋರಿನ ಬಿರುಕಿನ ಜೊತೆ ಸೇರಿಕೊಂಡಿದೆ, ಇನ್ನೊಂದು ಬೇರೆಯೇ ಪದರದಲ್ಲಿ ನೆಮ್ಮದಿಯಾಗಿದೆ. ಊರಿನಲ್ಲಿ ಯಾರ ಬೋರು ಯಾರ ಬಾವಿಯನ್ನು ಬತ್ತಿಸಿತು ಎಂಬ ಹಳೇ ಜಗಳಗಳಲ್ಲಿ ಕೆಲವಕ್ಕೆ ಆಧಾರ ಇತ್ತು, ಕೆಲವಕ್ಕೆ ಇರಲಿಲ್ಲ. ಅದು ಅಳತೆಯಲ್ಲಿ ಕಂಡಿತು.

ಜಯಮಂಗಲಿ ಹೊಳೆಯ ಕಡೆ ಹೋದಾಗ ಕಾಲಂ ಮತ್ತೆ ಸಾಲಲಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಪೆನ್ನಾರಿಗೆ ಸೇರುವ ಈ ಹೊಳೆ ವರ್ಷದ ಹೆಚ್ಚು ಕಾಲ ಬರಿ ಮರಳೇ. ಆ ಮರಳಿನಲ್ಲಿ ಕೈಯಿಂದ ಗುಂಡಿ ತೋಡಿ ಬಸಿದು ಬರುವ ತಿಳಿನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ತುಂಬಿಕೊಳ್ಳುತ್ತಿದ್ದ ಚಿಲುಮೆ ಬಾವಿಯೋ ಅಲ್ಲವೋ? ಇವತ್ತು ತೋಡಿದ್ದು ನಾಳೆ ಮುಚ್ಚಿಹೋಗುತ್ತದೆ, ಸರ್ವೆ ನಂಬರಿಲ್ಲ, ಮಾಲೀಕರಿಲ್ಲ. ತಲಪರಿಗೆಯದೂ ಇದೇ ಪ್ರಶ್ನೆ. ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಕಡೆ ಮರಳು ನೆಲದಲ್ಲಿ ನೀರು ಮೇಲೇ ಒಸರುವ ಜಾಗ ನೋಡಿ ತೋಡಿ, ಅಲ್ಲಿಂದ ಕಾಲುವೆ ತೆಗೆದು ಗದ್ದೆಗೆ ಹರಿಸುತ್ತಿದ್ದರು. ಎತ್ತುವ ಸಾಧನವೇ ಬೇಡ, ನೀರು ತಾನೇ ಹರಿದು ಬರುತ್ತಿತ್ತು. ವರ್ಷಕ್ಕೊಮ್ಮೆ ಅಚ್ಚುಕಟ್ಟಿನ ರೈತರೆಲ್ಲ ಸೇರಿ ಹೂಳು ತೆಗೆಯಬೇಕಿತ್ತು, ಬಾರದವರು ಕೂಲಿಯಾಳು ಕಳಿಸಬೇಕಿತ್ತು. ನಮ್ಮ ಊರಿನದು ಮುಚ್ಚಿ ಎಷ್ಟೋ ಕಾಲವಾಗಿ, ಮೇಲೆ ಜಾಲಿ ಬೆಳೆದಿತ್ತು. ಗುರುತು ಹಿಡಿದದ್ದು ತಾತನೇ. 'ಇತರೆ' ಎಂದು ಬರೆದು ಮುಗಿಸಲು ನನಗೆ ಮನಸ್ಸಾಗಲಿಲ್ಲ, ಪೂರ್ತಿ ಹೆಸರು ಬರೆದು ಪಕ್ಕದಲ್ಲಿ ಜಾಗದ ನಕ್ಷೆ ಹಾಕಿದೆ. ಒಂದು ಊರಿನ ಜನ ಪಾಲಿನ ನೀರಿಗೆ ಪಾಲಿನ ಕೆಲಸ ಮಾಡಿದ್ದರು ಅನ್ನುವುದಕ್ಕೆ ಅದೇ ದಾಖಲೆ.

ಬಾವಿ ಅಂದರೆ ಕೆಳಮುಖವಾಗಿಯೇ ಇರಬೇಕು ಅಂತಲೂ ಇಲ್ಲ. ನಮ್ಮ ಸಂಬಂಧಿಕರ ಮನೆ ವಿಟ್ಲದ ಕಡೆ ಇದೆ. ಅಲ್ಲಿ ಹೋದಾಗ ಗುಡ್ಡದ ಮೈಗೆ ಅಡ್ಡಲಾಗಿ ಕೊರೆದ ಸುರಂಗ ನೋಡಿದ್ದೆ. ಒಬ್ಬರು ಬಗ್ಗಿ ಹೋಗುವಷ್ಟು ಅಗಲ, ಜಂಬಿಟ್ಟಿಗೆಯ ಪದರದಿಂದ ಒಸರುವ ನೀರು ತಾನಾಗಿ ಅಂಗಳದ ತೊಟ್ಟಿಗೆ ಬರುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಾಡಿನಲ್ಲಿ ಇವು ಸಾಮಾನ್ಯ. ಅಂಥ ಸುರಂಗಗಳನ್ನು ಒಬ್ಬರೇ ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜು ಇದೇ ಅಡ್ಡ ಜಾತಿಯದು, ನಡುನಡುವೆ ಗಾಳಿ ಬೆಳಕಿಗೆ ನೇರ ಬಾವಿಗಳು. ಇನ್ನು ವಿಜಯಪುರದ ತಾಜ್ ಬಾವಡಿ, ಲಕ್ಕುಂಡಿಯ ಮುಸುಕಿನ ಬಾವಿಯಂಥವು ಮೆಟ್ಟಿಲಿಳಿದು ನೀರ ಬಳಿಗೇ ಹೋಗುವ ವಿಧ. ನೀರನ್ನು ಮೇಲಕ್ಕೆ ತರುವುದೋ, ನಾವು ಕೆಳಕ್ಕೆ ಹೋಗುವುದೋ, ನೀರೇ ನಮ್ಮ ಬಳಿ ಬರುವಂತೆ ಮಾಡುವುದೋ ಎಂದು ಕೇಳಿದರೂ ಒಂದು ವಿಂಗಡಣೆ ಸಿಗುತ್ತದೆ.

ನೀರು ಕೊಡದೆ ನೀರು ಕುಡಿಯುವ ಬಾವಿಯೂ ಒಂದಿದೆ. ತಾತನ ಮಗ ಬೆಂಗಳೂರಿನಲ್ಲಿ ಇಂಗುಬಾವಿ ತೋಡುವ ಕೆಲಸ ಮಾಡುತ್ತಾನೆ. ಸಿಮೆಂಟಿನ ಉಂಗುರಗಳನ್ನು ಒಂದರ ಮೇಲೊಂದು ಕೂರಿಸಿ, ಮಾಳಿಗೆಯ ಮಳೆನೀರು ಸೋಸಿ ಇಳಿಯುವಂತೆ ಮಾಡುವುದು. ತಳಕ್ಕೆ ಸಿಮೆಂಟು ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು 2009ರಲ್ಲಿ ಕಡ್ಡಾಯವಾದ ಮೇಲೆ ಈ ಕೆಲಸಕ್ಕೆ ಬೇಡಿಕೆ ಬಂತು. "ಊರಾಗೆ ಬಾವಿ ತೋಡ್ಸೋರಿಲ್ಲ, ಸಿಟಿಯಾಗೆ ಅದೇ ಕೆಲ್ಸಕ್ಕೆ ಕರೀತಾರೆ" ಎಂದು ತಾತ ಹೇಳುವಾಗ ಸಂತೋಷವೂ ಇತ್ತು, ಬೇಜಾರೂ ಇತ್ತು.

ಬಳಕೆಯ ಸ್ಥಿತಿ ಎಂಬ ಕಾಲಂ ನನಗೆ ಎಲ್ಲಕ್ಕಿಂತ ಭಾರವಾಗಿತ್ತು. ಬಳಕೆಯಲ್ಲಿದೆ, ತಾತ್ಕಾಲಿಕವಾಗಿ ಇಲ್ಲ, ಶಾಶ್ವತವಾಗಿ ಇಲ್ಲ. ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಕಸ, ಹಳೇ ಚಪ್ಪಲಿ, ಪ್ಲಾಸ್ಟಿಕ್ ತುಂಬಿದ ಬಾವಿಯ ಮುಂದೆ ನಿಂತು 'ಶಾಶ್ವತವಾಗಿ ಇಲ್ಲ' ಎಂದು ಬರೆಯುವುದಕ್ಕೆ ಕೈ ಬರುತ್ತಿರಲಿಲ್ಲ. 2022ರ ಮಳೆಗಾಲ ಕಣ್ಣ ಮುಂದಿತ್ತು. ಆ ವರ್ಷ ತುಮಕೂರು ಜಿಲ್ಲೆಯಲ್ಲಿ ಬಿದ್ದ ಮಳೆಗೆ ದಶಕಗಳಿಂದ ತುಂಬದ ಕೆರೆಗಳು ಕೋಡಿ ಬಿದ್ದವು, ಬತ್ತಿದವೆಂದು ಬಿಟ್ಟಿದ್ದ ತೋಡುಬಾವಿಗಳಲ್ಲಿ ಕೈಗೆಟಕುವಂತೆ ನೀರು ಬಂತು. ಮೇಲಿನ ಪದರ ಸತ್ತಿಲ್ಲ, ಬರಿದಾಗಿದೆ ಅಷ್ಟೇ. ಹಾಗಾಗಿ ಕಸ ತೆಗೆದರೆ ಬದುಕುವ ಬಾವಿಗಳನ್ನೆಲ್ಲ ನಾವು 'ತಾತ್ಕಾಲಿಕ'ದಲ್ಲೇ ಬರೆದೆವು. ಅದರ ಬಗ್ಗೆ ಪಂಚಾಯ್ತಿಯಲ್ಲಿ ಪ್ರಶ್ನೆ ಬಂದಾಗ ತಜ್ಞರು ನಮ್ಮ ಪರವಾಗಿ ನಿಂತರು.

ಗ್ರಾಮಸಭೆಯಲ್ಲಿ ಪಟ್ಟಿ ಓದಿದ್ದು ನಾನೇ. ಒಂದು ಪ್ರದೇಶದಲ್ಲಿ ವರ್ಷಕ್ಕೆ ಎತ್ತಬಹುದಾದ ಅಂತರ್ಜಲದಲ್ಲಿ ಶೇಕಡಾ 70ರ ಒಳಗೆ ಎತ್ತಿದರೆ ಸುರಕ್ಷಿತ, 90ರ ತನಕ ಅರೆ ಗಂಭೀರ, 100ರ ತನಕ ಗಂಭೀರ, 100 ದಾಟಿದರೆ ಅತಿಬಳಕೆ ಎಂಬ ಸರ್ಕಾರಿ ವಿಂಗಡಣೆಯನ್ನು ಮೊದಲು ವಿವರಿಸಿದೆ. ಆಮೇಲೆ ಬಾವಿಗಳನ್ನು ಪದರದ ಪ್ರಕಾರ ಓದಿದೆ: ಮೇಲಿನ ಪದರದ್ದು, ಬಿರುಕಿನದ್ದು, ಎರಡೂ ಸೇರಿದ್ದು, ಮರಳಿನದ್ದು. ತನ್ನ ಬಾವಿ ಯಾರ ಬೋರಿನ ಜೊತೆ ಒಂದೇ ಗುಂಪಿನಲ್ಲಿದೆ ಎಂದು ಕೇಳಿಸಿಕೊಳ್ಳಲು ಎಲ್ಲರೂ ಸುಮ್ಮನೆ ಕೂತಿದ್ದರು. ಜಗಳ ಆಯಿತು, ಆಗಬೇಕಾದದ್ದೇ. ಕುಡಿಯುವ ನೀರಿನ ಸಾರ್ವಜನಿಕ ಮೂಲದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂಬ 1999ರ ಕಾಯಿದೆ ರಾಜ್ಯದಲ್ಲಿ ಇದೆ ಎಂಬುದು ಸಭೆಯಲ್ಲಿದ್ದ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಸದ್ದು ಕೇಳುವ ಫೇಲು ಬೋರುಗಳನ್ನು ಮೊದಲು ತುಂಬಿಸುವುದು, ಸೇದೋ ಬಾವಿಗೆ ಕಬ್ಬಿಣದ ಜಾಲರಿಯ ಮುಚ್ಚಿಗೆ ಹಾಕಿಸುವುದು, ಒಂದು ಕಪಿಲೆ ಬಾವಿಯ ಹೂಳು ಎತ್ತಿಸುವುದು, ಇಷ್ಟು ತೀರ್ಮಾನವಾಯಿತು. ತಲಪರಿಗೆಯ ವಿಷಯ ಮುಂದಿನ ಸಭೆಗೆ ಹೋಯಿತು.

ಪ್ರತಿ ಪದರಕ್ಕೆ ಒಂದರಂತೆ ವೀಕ್ಷಣಾ ಬಾವಿಗಳನ್ನು ಗೊತ್ತು ಮಾಡಿದ್ದೇವೆ. ಕೇಂದ್ರ ಅಂತರ್ಜಲ ಮಂಡಳಿ ವರ್ಷದಲ್ಲಿ ನಾಲ್ಕು ಸಲ, ಜನವರಿ, ಬೇಸಿಗೆ, ಆಗಸ್ಟ್ ಮತ್ತು ನವೆಂಬರಿನಲ್ಲಿ ಅಳೆಯುತ್ತದೆ. ನಾವು ತಿಂಗಳಿಗೊಮ್ಮೆ ಅಳೆದು ಪಂಚಾಯ್ತಿ ಗೋಡೆಯ ಮೇಲೆ ಬರೆಯುತ್ತೇವೆ. ಮೊನ್ನೆ ಮೇಲಿನ ಬೀದಿಯ ಅಣ್ಣ ಒಬ್ಬರು ಹೊಸ ಬೋರಿಗೆ ಪಾಯಿಂಟು ಮಾಡಿಸುವ, ಅಂದರೆ ಕೊರೆಯುವ ಜಾಗ ಗುರುತು ಮಾಡಿಸುವ, ಮುಂಚೆ ಮನೆಗೆ ಬಂದು, "ಬಂಡೆ ಸಾಲಿನ ಕಡೆ ಯಾರ್ಯಾರ್ದು ಎಷ್ಟಡಿಗೆ ಹೋಗೈತೆ, ಎಷ್ಟು ಫೇಲಾಗೈತೆ, ನಿನ್ ಪುಸ್ತಕ ನೋಡಿ ಹೇಳವ್ವ" ಅಂದರು. ಓದಿ ಹೇಳಿದೆ. ಆ ಪುಟದ ಜೆರಾಕ್ಸ್ ಮಾಡಿಸಿಕೊಂಡು, ಮಗನ ಹತ್ತಿರ ಮಾತಾಡಿ ನೋಡುತ್ತೇನೆ ಎಂದು ಹೇಳಿ ಹೋದರು.